ಕಾದಂಬರಿಕಾರ ದಾಸ್ತೋಯೆವ್ಸ್ಕಿಯ ಧರ್ಮಶ್ರದ್ಧೆ

ಶ್ರದ್ಧೆಯು ಮನುಷ್ಯನಿಗೆ ಎರಡು ಬಗೆಯಾಗಿ ದೊರೆಯುವುದು. ತಾಯಿಯ ಮಡಿಲಲ್ಲಿ, ಮನೆಯ ಆಚಾರದಲ್ಲಿ, ಹಿರಿಯರ ನುಡಿಯಲ್ಲಿ ತಾನಾಗಿಯೇ ದೊರೆಯುವುದು ಒಂದು ಬಗೆ. ಹಾಗೆ ದೊರೆತುದನ್ನು ಒಮ್ಮೆ ಕಳೆದುಕೊಂಡು, ಕತ್ತಲೆಯಲ್ಲಿ ತಡವರಿಸಿ, ಕಷ್ಟದ ಬೆಲೆಯನ್ನು ತೆತ್ತು ಮರಳಿ ಪಡೆಯುವುದು ಇನ್ನೊಂದು ಬಗೆ. ಮೊದಲನೆಯದು ಬಹುಜನರ ಭಾಗ್ಯವು. ಎರಡನೆಯದು ಕೆಲವರ ಪಾಲಿಗೆ ಮಾತ್ರ ಬರುವುದು. ಬಂದವರಿಗೆ ಅದರಿಂದ ಸುಖವುಂಟಾಗುವುದೆಂದು ಹೇಳಲಾಗದು, ಆದರೆ ಲೋಕಕ್ಕೆ ಅವರಿಂದ ಉಪಕಾರವಾಗುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯ ದೇಶದಲ್ಲಿ ಬಾಳಿದ ಕಾದಂಬರಿಕಾರ ಫ್ಯೋದರ್ ಮಿಖೈಲೊವಿಚ್ ದಾಸ್ತೋಯೆವ್ಸ್ಕಿಯು ಈ ಎರಡನೆಯ ಪಂಗಡಕ್ಕೆ ಸೇರಿದವನು. ಅವನು ದೇವರನ್ನು ನಂಬಿದನು. ನಂಬಿದ ಮೇಲೂ ಸಂದೇಹವು ಅವನ ಬೆನ್ನು ಬಿಡಲಿಲ್ಲ. ಆ ಸಂದೇಹವನ್ನು ಅವನು ಮುಚ್ಚಿಡಲೂ ಇಲ್ಲ. ಅವನ ಗ್ರಂಥಗಳಿಗಿರುವ ಬಲವೆಲ್ಲವೂ ಈ ಒಂದು ಹೋರಾಟದಿಂದಲೇ ಬಂದುದಾಗಿದೆ.

ದಾಸ್ತೋಯೆವ್ಸ್ಕಿಯು 1821ನೆಯ ಇಸವಿ ಅಕ್ಟೋಬರ್ 30ರಂದು ಮಾಸ್ಕೋ ನಗರದಲ್ಲಿ ಬಡವರ ಆಸ್ಪತ್ರೆಯೊಂದರ ಆವರಣದಲ್ಲಿ ಜನಿಸಿದನು. ಈ ತಾರೀಖೂ ಮುಂದೆ ಬರುವ ತಾರೀಖುಗಳೂ ರಷ್ಯದಲ್ಲಿ ಅಂದು ನಡೆಯುತ್ತಿದ್ದ ಹಳೆಯ ಪಂಚಾಂಗದವು. ಈಗಿನ ಲೆಕ್ಕಕ್ಕೆ ತರಬೇಕಾದರೆ 12 ದಿನಗಳನ್ನು ಕೂಡಿಸಬೇಕು. ತಂದೆ ಮಿಖಾಯಿಲನು ಆ ಆಸ್ಪತ್ರೆಯ ವೈದ್ಯನು. ಕಟ್ಟುನಿಟ್ಟಾದ, ಸಿಡುಕು ಸ್ವಭಾವದ ಮನುಷ್ಯನು. ತಾಯಿ ಮರಿಯಾ ಸೌಮ್ಯಳೂ ದೈವಭಕ್ತೆಯೂ ಆಗಿದ್ದಳು. ಬೈಬಲಿನ ಎರಡು ಒಡಂಬಡಿಕೆಗಳಿಂದ ಆರಿಸಿದ 104 ಪುಣ್ಯಕಥೆಗಳ ಒಂದು ಪುಸ್ತಕದಿಂದ ಆಕೆಯು ಮಕ್ಕಳಿಗೆ ಓದನ್ನು ಕಲಿಸಿದಳು. ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮಾಸ್ಕೋವಿನಿಂದ ಹೊರಗಿರುವ ಸಂತ ಸೆರ್ಗಿಯನ ಪ್ರಸಿದ್ಧ ಮಠಕ್ಕೆ ಯಾತ್ರೆ ಹೋಗುವುದು ಆ ಮನೆಯ ಪದ್ಧತಿಯಾಗಿದ್ದಿತು. ಮಠದ ಗಂಟೆಯ ನಾದ, ದೀಪಗಳ ಸಾಲು, ಸಾಮೂಹಿಕ ಪ್ರಾರ್ಥನೆಯ ಗಾನ ಇವು ಬಾಲಕನ ಮನಸ್ಸಿನಲ್ಲಿ ಅಚ್ಚೊತ್ತಿದುವು. ಸಕಲವನ್ನೂ ಕಳೆದುಕೊಂಡು ದೇವರೊಡನೆ ವಾದಿಸಿದ ಯೋಬನೆಂಬ ಭಕ್ತನ ಕಥೆಯು ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಕಲಕಿತು. ನಿರಪರಾಧಿಗೆ ದುಃಖವೇಕೆಂಬ ಯೋಬನ ಪ್ರಶ್ನೆಯೇ ಮುಂದೆ ಅವನ ಜೀವಮಾನದ ಪ್ರಶ್ನೆಯಾಯಿತು.

1837ರಲ್ಲಿ ತಾಯಿಯು ಕ್ಷಯರೋಗದಿಂದ ತೀರಿಕೊಂಡಳು. ಮರುವರ್ಷ ಅವನನ್ನು ರಾಜಧಾನಿಯಾದ ಪೀಟರ್ಸ್‌ಬರ್ಗಿನ ಸೈನಿಕ ಇಂಜಿನಿಯರಿಂಗ್ ವಿದ್ಯಾಲಯಕ್ಕೆ ಸೇರಿಸಲಾಯಿತು. 1839ರಲ್ಲಿ ತಂದೆಯೂ ಮೃತನಾದನು. ಕೋಟೆಕೊತ್ತಲಗಳ ಗಣಿತದಲ್ಲಿ ಮನಸ್ಸು ನಿಲ್ಲದೆ ಅವನು 1844ರಲ್ಲಿ ಸರಕಾರಿ ಕೆಲಸವನ್ನು ಬಿಟ್ಟು ಬರವಣಿಗೆಯನ್ನೇ ನಂಬಿದನು. 1846ರಲ್ಲಿ ಪ್ರಕಟವಾದ ‘ಬಡಜನರು’ ಎಂಬ ಮೊದಲನೆಯ ಕೃತಿಯು ಅವನಿಗೆ ದೊಡ್ಡ ಹೆಸರನ್ನು ತಂದಿತು. ಆ ಕಾಲದ ಶ್ರೇಷ್ಠ ವಿಮರ್ಶಕನಾದ ಬೆಲಿನ್‌ಸ್ಕಿಯು ಅವನನ್ನು ಕೊಂಡಾಡಿ ಹತ್ತಿರಕ್ಕೆ ಕರೆದುಕೊಂಡನು. ಬೆಲಿನ್‌ಸ್ಕಿಯು ದೀನರಿಗಾಗಿ ಮರುಗುವವನು, ಆದರೆ ನಾಸ್ತಿಕನು. ಧರ್ಮವು ಬಡವರನ್ನು ಕಟ್ಟಿಹಾಕುವ ಸಂಕೋಲೆಯೆಂಬುದು ಅವನ ಮತವಾಗಿದ್ದಿತು. ಅವನು ಕ್ರಿಸ್ತನನ್ನು ಹೀನೈಸಿ ಮಾತಾಡುವಾಗಲೆಲ್ಲ ತರುಣ ದಾಸ್ತೋಯೆವ್ಸ್ಕಿಯ ಮುಖವು ಅಳುವಂತೆ ಕಂದುತ್ತಿದ್ದಿತು. ಆದರೂ ಆ ವಾದಗಳಿಗೆ ಅವನಲ್ಲಿ ಉತ್ತರವಿರಲಿಲ್ಲ. ಬಡವರ ಮೇಲಣ ಪ್ರೀತಿಯೇ ಅವನನ್ನು ದೇವರಿಂದ ದೂರಕ್ಕೆ ಒಯ್ಯುವಂತೆ ಕಂಡಿತು.

ಪೆತ್ರಾಷೆವ್ಸ್ಕಿ ಎಂಬವನ ಮನೆಯಲ್ಲಿ ಶುಕ್ರವಾರಗಳಂದು ಕೆಲವು ತರುಣರು ಕೂಡಿ, ಜೀತಪದ್ಧತಿಯ ನಿವಾರಣೆಯೇ ಮೊದಲಾದ ನಿಷಿದ್ಧ ವಿಷಯಗಳನ್ನು ಚರ್ಚಿಸುತ್ತಿದ್ದರು. ದಾಸ್ತೋಯೆವ್ಸ್ಕಿಯು ಆ ಕೂಟಕ್ಕೆ ಸೇರಿದನು. ಚರ್ಚನ್ನೂ ಸರಕಾರವನ್ನೂ ನಿಂದಿಸಿ ಬೆಲಿನ್‌ಸ್ಕಿಯು ಬರೆದ ಒಂದು ಪತ್ರವನ್ನು ಅಲ್ಲಿ ಗಟ್ಟಿಯಾಗಿ ಓದಿದನು. 1849ನೆಯ ಏಪ್ರಿಲ್ 23ರಂದು ಬೆಳಗಾಗುವ ಮುನ್ನವೇ ಅವನನ್ನು ಹಿಡಿದು ಕೋಟೆಯ ಸೆರೆಮನೆಯಲ್ಲಿಟ್ಟರು. ಎಂಟು ತಿಂಗಳ ವಿಚಾರಣೆಯ ತರುವಾಯ ಡಿಸೆಂಬರ್ 22ರಂದು, ಕೊರೆಯುವ ಚಳಿಯಲ್ಲಿ, ಅವನನ್ನೂ ಸಂಗಡಿಗರನ್ನೂ ಸೆಮ್ಯೊನೊವ್ಸ್ಕಿ ಎಂಬ ಮೈದಾನಕ್ಕೆ ತಂದರು. ಎಲ್ಲರಿಗೂ ಮರಣದಂಡನೆಯೆಂದು ತೀರ್ಪನ್ನು ಓದಲಾಯಿತು. ಶಿಲುಬೆಯನ್ನು ಹಿಡಿದುಕೊಂಡು ಬಂದ ಪಾದ್ರಿಯು ಅದನ್ನು ಒಬ್ಬೊಬ್ಬರ ತುಟಿಗೂ ಮುಟ್ಟಿಸಿದನು. ಬಿಳಿಯ ಹೆಣದ ಅಂಗಿಗಳನ್ನು ತೊಡಿಸಿ ಮೊದಲಿನ ಮೂವರನ್ನು ಕಂಬಗಳಿಗೆ ಬಿಗಿದರು. ದಾಸ್ತೋಯೆವ್ಸ್ಕಿಯು ಎರಡನೆಯ ಸಾಲಿನವನು. ಅವನಿಗೆ ಉಳಿದುದು ಕೆಲವೇ ನಿಮಿಷಗಳು. ಸಿಪಾಯಿಗಳು ಗುರಿಯಿಟ್ಟು ನಿಂತಾಗ ನಗಾರಿಯು ಬಾರಿಸಿತು. ಚಕ್ರವರ್ತಿಯು ಪ್ರಾಣಭಿಕ್ಷೆಯನ್ನಿತ್ತಿರುವನೆಂದು ಹೊಸ ಆಜ್ಞೆಯನ್ನು ಓದಿದರು. ಇದೆಲ್ಲವೂ ಮೊದಲೇ ಗೊತ್ತುಮಾಡಿದ ನಾಟಕವಾಗಿದ್ದಿತು. ಕಂಬಕ್ಕೆ ಕಟ್ಟಲ್ಪಟ್ಟವರಲ್ಲಿ ಒಬ್ಬನಿಗೆ ಬುದ್ಧಿಭ್ರಮಣೆಯಾಯಿತು. ದಾಸ್ತೋಯೆವ್ಸ್ಕಿಗೆ ಮಾತ್ರ ಅಂದು ಜೀವವು ಎರಡನೆಯ ಸಲ ದಾನವಾಗಿ ಬಂದಂತಾಯಿತು. ಅದೇ ದಿನ ಅಣ್ಣನಿಗೆ ಬರೆದ ಪತ್ರದಲ್ಲಿ, ಬದುಕೆಂಬುದು ಒಂದು ವರವೆಂದೂ ಪ್ರತಿ ನಿಮಿಷವೂ ಸುಖದ ಯುಗವಾಗಬಲ್ಲುದೆಂದೂ ಅವನು ತಿಳಿಸಿದನು.

ಅವನಿಗೆ ವಿಧಿಸಿದ ನಿಜವಾದ ಶಿಕ್ಷೆಯು ಸೈಬೀರಿಯದಲ್ಲಿ 4 ವರ್ಷಗಳ ಕಠಿಣ ದುಡಿಮೆ, ಆಮೇಲೆ ಸಾಮಾನ್ಯ ಸಿಪಾಯಿಯಾಗಿ ಸೇವೆ. ಕಾಲಿಗೆ ಬೇಡಿಗಳನ್ನು ಜಡಿದು ತೆರೆದ ಹಿಮಗಾಡಿಯಲ್ಲಿ ಅವನನ್ನು ಸಾಗಿಸಿದರು. 1850ನೆಯ ಜನವರಿಯಲ್ಲಿ ತೊಬೋಲ್ಸ್ಕ್ ಎಂಬ ಊರಿನಲ್ಲಿ ಕೈದಿಗಳನ್ನು ಕೆಲವು ದಿನ ತಡೆದಿದ್ದರು. 1825ರ ದಂಗೆಯಲ್ಲಿ ಗಡೀಪಾರಾದ ಗಂಡಂದಿರ ಹಿಂದೆಯೇ ತಮ್ಮ ಐಶ್ವರ್ಯವನ್ನು ತೊರೆದು ಸೈಬೀರಿಯಕ್ಕೆ ಬಂದಿದ್ದ ಕುಲಸ್ತ್ರೀಯರು ಆ ಊರಿನಲ್ಲಿದ್ದರು. ಅವರು ಕಾವಲಿನವರನ್ನು ಒಲಿಸಿಕೊಂಡು ಈ ಹೊಸ ಕೈದಿಗಳನ್ನು ಕಂಡು, ಉಣಿಸಿ, ಧೈರ್ಯ ಹೇಳಿ, ಒಬ್ಬೊಬ್ಬನಿಗೂ ಕ್ರಿಸ್ತನ ಸುವಾರ್ತೆಯ ಒಂದೊಂದು ಪ್ರತಿಯನ್ನು ಕೊಟ್ಟರು. ಪುಸ್ತಕದ ರಟ್ಟಿನೊಳಗೆ 10 ರೂಬಲುಗಳ ನೋಟು ಅಡಗಿದ್ದಿತು. ಸೆರೆಮನೆಯಲ್ಲಿ ಇಟ್ಟುಕೊಳ್ಳಲು ಅಪ್ಪಣೆಯಿದ್ದ ಪುಸ್ತಕವು ಅದೊಂದೇ. ಓಮ್ಸ್ಕ್ ನಗರದ ಸೆರೆಮನೆಯಲ್ಲಿ ನಾಲ್ಕು ವರ್ಷಗಳ ಕಾಲ ಅವನು ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದನು. ಸಮಯ ಸಿಕ್ಕಾಗ ಓದಿದನು. ಬರೆಯಲು ಸಾಧನವಿಲ್ಲದಾಗ ಉಗುರಿನಿಂದ ಗೀರಿ ಗುರುತು ಮಾಡಿದನು. ಆ ಪುಸ್ತಕವು ಅವನ ಕೊನೆಯುಸಿರಿನವರೆಗೂ ಅವನನ್ನು ಅಗಲಲಿಲ್ಲ.

ಆದರೆ ಪುಸ್ತಕವೊಂದರಿಂದಲೇ ಅವನ ಮನಸ್ಸು ತಿರುಗಿತೆನ್ನಲಾಗದು. ಸೆರೆಯಲ್ಲಿ ಅವನು ಕೊಲೆಗಾರರ ನಡುವೆ, ಕಳ್ಳರ ನಡುವೆ ಒಂದೇ ಹಲಗೆಯ ಮೇಲೆ ಮಲಗಬೇಕಾಯಿತು. ಅವನು ಕುಲೀನನೆಂಬ ಕಾರಣದಿಂದ ಅವರು ಅವನನ್ನು ದ್ವೇಷಿಸಿದರು. ಅವನಿಗೂ ಅವರಲ್ಲಿ ಮೊದಲು ಜುಗುಪ್ಸೆಯೇ ಇದ್ದಿತು. ಒಮ್ಮೆ ಕ್ರಿಸ್ತನ ಪುನರುತ್ಥಾನದ ಹಬ್ಬದ ದಿನಗಳಲ್ಲಿ ಕೈದಿಗಳು ಕುಡಿದು ಹೊಡೆದಾಡುತ್ತಿರಲು, ಅವನು ಬೇಸತ್ತು ಹಲಗೆಯ ಮೇಲೆ ಕಣ್ಣುಮುಚ್ಚಿ ಬಿದ್ದುಕೊಂಡನು. ಆಗ ಒಂಬತ್ತನೆಯ ವಯಸ್ಸಿನ ಒಂದು ಘಟನೆಯು ನೆನಪಿಗೆ ಬಂದಿತು. ತಂದೆಯ ಹಳ್ಳಿಯ ಕಾಡಿನಲ್ಲಿ ತೋಳ ಬಂದಿತೆಂಬ ಕೂಗು ಕೇಳಿದಂತಾಗಿ ಅವನು ಹೆದರಿ ಓಡಿದಾಗ, ಹೊಲ ಉಳುತ್ತಿದ್ದ ಮರೇಯ ಎಂಬ ಜೀತದಾಳು ನೇಗಿಲನ್ನು ನಿಲ್ಲಿಸಿ, ಮಣ್ಣು ಮೆತ್ತಿದ ಬೆರಳಿನಿಂದ ಬಾಲಕನ ನಡುಗುವ ತುಟಿಯನ್ನು ಮುಟ್ಟಿ, ಶಿಲುಬೆಯ ಗುರುತು ಮಾಡಿ, ತಾಯಿಯಂತೆ ನಕ್ಕು ಸಂತೈಸಿದ್ದನು. ಆ ಒಕ್ಕಲಿಗನ ಒಳ್ಳೆಯತನವನ್ನು ನೋಡಿದವರಾಗಲಿ ಅದಕ್ಕೆ ಪ್ರತಿಫಲ ಕೊಟ್ಟವರಾಗಲಿ ಯಾರೂ ಇರಲಿಲ್ಲ. ಇದು ನೆನಪಾದೊಡನೆ ದಾಸ್ತೋಯೆವ್ಸ್ಕಿಯು ಎದ್ದು ಕುಳಿತು ಕೈದಿಗಳ ಮುಖಗಳನ್ನು ಬೇರೆ ಕಣ್ಣಿನಿಂದ ನೋಡಿದನು. ಕುಡಿದು ಅರಚುವ ಈ ಮನುಷ್ಯನೂ ಒಬ್ಬ ಮರೇಯನಾಗಿರಬಹುದೆಂಬ ಭಾವವು ಅವನಲ್ಲಿ ಮೂಡಿತು. ಬಹುಕಾಲದ ಮೇಲೆ, 1876ರಲ್ಲಿ, ಅವನು ಈ ಸಂಗತಿಯನ್ನು ತನ್ನ ‘ಲೇಖಕನ ದಿನಚರಿ’ಯಲ್ಲಿ ಬರೆದನು.

1854ರಲ್ಲಿ ಸೆರೆಯಿಂದ ಹೊರಬಂದಾಗ, ಸುವಾರ್ತೆಯನ್ನು ಕೊಟ್ಟ ಸ್ತ್ರೀಯರಲ್ಲಿ ಒಬ್ಬಳಾದ ಫೊನ್‌ವೀಜಿನಾ ಎಂಬಾಕೆಗೆ ಅವನೊಂದು ಪತ್ರ ಬರೆದನು. ಅದರಲ್ಲಿ ತಾನು ಸಂದೇಹಯುಗದ ಕೂಸೆಂದೂ, ಗೋರಿಯವರೆಗೂ ಹಾಗೆಯೇ ಉಳಿಯುವೆನೆಂದೂ ಒಪ್ಪಿಕೊಂಡನು. ನಂಬಬೇಕೆಂಬ ದಾಹವು ವಿರುದ್ಧ ವಾದಗಳು ಬಲವಾದಷ್ಟೂ ತನ್ನಲ್ಲಿ ಬಲವಾಗುವುದೆಂದನು. ಸತ್ಯವು ಕ್ರಿಸ್ತನ ಹೊರಗಿದೆಯೆಂದು ಯಾರಾದರೂ ಸಾಧಿಸಿ ತೋರಿಸಿದರೂ ತಾನು ಕ್ರಿಸ್ತನ ಬಳಿಯಲ್ಲಿಯೇ ನಿಲ್ಲುವೆನೆಂಬುದು ಆ ಪತ್ರದ ತಿರುಳು. ಪಂಡಿತರು ಇದನ್ನು ವಿಚಾರಹೀನವೆನ್ನಬಹುದು. ಆದರೆ ತರ್ಕದಿಂದ ಬಂದ ಶ್ರದ್ಧೆಯನ್ನು ತರ್ಕವು ಕಿತ್ತುಕೊಳ್ಳಬಲ್ಲುದು. ತರ್ಕವನ್ನು ದಾಟಿ ಬಂದುದನ್ನು ಅದು ಮುಟ್ಟಲಾರದು.

ಸಿಪಾಯಿಯಾಗಿ ಸೈಬೀರಿಯದಲ್ಲಿಯೇ ಇರುವಾಗ ಅವನು ಮರಿಯಾ ಎಂಬ ವಿಧವೆಯನ್ನು ಮದುವೆಯಾದನು; ಅಪಸ್ಮಾರ ರೋಗವೂ ಅವನಲ್ಲಿ ನೆಲೆಯೂರಿತು. 1859ರ ಕೊನೆಯಲ್ಲಿ ಅವನು ರಾಜಧಾನಿಗೆ ಮರಳಿದನು. ಸೆರೆಮನೆಯ ಅನುಭವಗಳನ್ನು ‘ಸತ್ತವರ ಮನೆ’ ಎಂಬ ಗ್ರಂಥವಾಗಿ ಬರೆದನು. 1864ನೆಯ ವರ್ಷವು ಅವನನ್ನು ಮುರಿಯಿತು. ಏಪ್ರಿಲಿನಲ್ಲಿ ಹೆಂಡತಿಯೂ ಜುಲೈಯಲ್ಲಿ ಪ್ರಾಣಸಮಾನನಾದ ಅಣ್ಣ ಮಿಖಾಯಿಲನೂ ತೀರಿಕೊಂಡರು. ಹೆಂಡತಿಯ ಶವದ ಎದುರಿಗೆ ಕುಳಿತು ಅವನು, ಆಕೆಯನ್ನು ಮತ್ತೆ ಕಾಣುವುದುಂಟೋ ಎಂಬ ಪ್ರಶ್ನೆಯನ್ನೆತ್ತಿ ಟಿಪ್ಪಣಿ ಬರೆದನು. ಪರರನ್ನು ತನ್ನಂತೆ ಪ್ರೀತಿಸಬೇಕೆಂಬ ಧರ್ಮವಿಧಿಗೆ ಮನುಷ್ಯನ ಅಹಂಕಾರವೇ ಅಡ್ಡವೆಂದೂ, ಆ ಅಹಂಕಾರವನ್ನು ಇತರರಿಗೆ ಅರ್ಪಿಸದಾಗ ಹುಟ್ಟುವ ಸಂಕಟವೇ ಪಾಪವೆಂದೂ ಅದರಲ್ಲಿ ವಿಚಾರಿಸಿದನು. ಅಣ್ಣನ ಸಾಲದ ಹೊರೆಯನ್ನೂ ಸಂಸಾರವನ್ನೂ ಅವನು ತನ್ನ ತಲೆಯ ಮೇಲೆ ಹೊತ್ತನು. ಆದರೆ ಅವನು ನಿರ್ದೋಷಿಯಾದ ಸಂತನಾಗಿರಲಿಲ್ಲ. ಜೂಜಿನ ವ್ಯಸನವು ಅವನನ್ನು ಹಿಡಿದಿದ್ದಿತು. ಜರ್ಮನಿಯ ಜೂಜುಕಟ್ಟೆಗಳಲ್ಲಿ ಅವನು ಕೈಯಲ್ಲಿದ್ದುದನ್ನೆಲ್ಲ ಕಳೆದು, ಹೆಂಡತಿಯ ಒಡವೆಗಳನ್ನೂ ಒತ್ತೆಯಿಟ್ಟು, ಅತ್ತು, ಮತ್ತೆ ಅಲ್ಲಿಗೇ ಹೋದನು. 1871ರಲ್ಲಿ ಒಮ್ಮೆಗೇ ಬಿಟ್ಟವನು ಮತ್ತೆಂದೂ ಮುಟ್ಟಲಿಲ್ಲ. ಪಾಪಿಯ ಮನಸ್ಸನ್ನು ಅವನು ಒಳಗಿನಿಂದ ಬಲ್ಲವನಾಗಿದ್ದನು.

1866ರಲ್ಲಿ ಪ್ರಕಟವಾದ ‘ಅಪರಾಧ ಮತ್ತು ಶಿಕ್ಷೆ’ ಎಂಬ ಕಾದಂಬರಿಯಲ್ಲಿ ಅವನ ಶ್ರದ್ಧೆಯು ಮೊದಲ ಬಾರಿಗೆ ಪೂರ್ಣವಾಗಿ ರೂಪುಗೊಂಡಿತು. ರಾಸ್ಕೋಲ್ನಿಕೋವನೆಂಬ ಬಡವಿದ್ಯಾರ್ಥಿಯು, ಅಸಾಮಾನ್ಯನಾದ ಮನುಷ್ಯನಿಗೆ ಧರ್ಮದ ಕಟ್ಟಿಲ್ಲವೆಂಬ ಸಿದ್ಧಾಂತವನ್ನು ಕಟ್ಟಿಕೊಂಡು, ಬಡ್ಡಿ ವ್ಯವಹಾರದ ಒಬ್ಬ ಮುದುಕಿಯನ್ನು ಕೊಲ್ಲುವನು. ಆ ಹೊತ್ತಿಗೆ ಬಂದ ಆಕೆಯ ನಿರಪರಾಧಿ ತಂಗಿಯೂ ಅವನ ಕೊಡಲಿಗೆ ಬಲಿಯಾಗುವಳು. ಅವನಿಗೆ ದಾರಿ ತೋರುವವಳು ಪಂಡಿತಳಲ್ಲ. ಹಸಿದ ತಮ್ಮತಂಗಿಯರಿಗಾಗಿ ಮೈಮಾರಿಕೊಳ್ಳಬೇಕಾಗಿ ಬಂದ ಸೋನ್ಯಾ ಎಂಬ ಹುಡುಗಿ. ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು ಕ್ರಿಸ್ತನು ಎಬ್ಬಿಸಿದ ಕಥೆಯನ್ನು ಅವಳು ನಡುಗುವ ದನಿಯಿಂದ ಅವನಿಗೆ ಓದಿ ಹೇಳುವಳು. ಪತಿತೆಯ ಬಾಯಲ್ಲಿ ಪವಿತ್ರಗ್ರಂಥವನ್ನು ಓದಿಸಿದುದು ಪತ್ರಿಕೆಯ ಸಂಪಾದಕರಿಗೆ ಸರಿಬೀಳದೆ, ಆ ಅಧ್ಯಾಯವನ್ನು ಅವನು ತಿದ್ದಿ ಬರೆಯಬೇಕಾಯಿತು. ಆದರೂ ಅದರ ಜೀವವು ಉಳಿಯಿತು. ಕಥೆಯ ಕೊನೆಯಲ್ಲಿ ರಾಸ್ಕೋಲ್ನಿಕೋವನು ಸೈಬೀರಿಯದ ಸೆರೆಯಲ್ಲಿರುವಾಗ ಅವನ ತಲೆದಿಂಬಿನ ಕೆಳಗೆ ಒಂದು ಸುವಾರ್ತೆಯಿರುವುದು. ಆ ಪುಸ್ತಕವು ಎಲ್ಲಿಂದ ಬಂದಿತೆಂಬುದನ್ನು ಹೇಳಬೇಕಾಗಿಲ್ಲ.

ಅದೇ ವರ್ಷ ಶೀಘ್ರಲಿಪಿಯ ಕೆಲಸಕ್ಕೆ ಬಂದ ಅನ್ನಾ ಗ್ರಿಗೊರ್ಯೆವ್ನಾ ಎಂಬ ಕನ್ಯೆಯನ್ನು 1867ರ ಫೆಬ್ರವರಿಯಲ್ಲಿ ಅವನು ವರಿಸಿದನು. ಸಾಲಗಾರರ ಕಾಟದಿಂದ ಇಬ್ಬರೂ ನಾಲ್ಕು ವರ್ಷಗಳಿಗೂ ಮೇಲ್ಪಟ್ಟು ಪರದೇಶಗಳಲ್ಲಿ ಅಲೆದರು. 1868ರಲ್ಲಿ ಜಿನೀವಾದಲ್ಲಿ ಹುಟ್ಟಿದ ಮೊದಲ ಮಗಳು ಸೋಫಿಯಾ ಮೂರೇ ತಿಂಗಳಲ್ಲಿ ತೀರಿಕೊಂಡಳು. ಅದಕ್ಕೆ ಮುನ್ನ ಬಾಸೆಲ್ ನಗರದ ಚಿತ್ರಶಾಲೆಯಲ್ಲಿ, ಶಿಲುಬೆಯಿಂದಿಳಿಸಿದ ಕ್ರಿಸ್ತನ ಶವವನ್ನು ಹೋಲ್ಬೈನ್ ಎಂಬ ಚಿತ್ರಕಾರನು ಬರೆದ ಪಟವನ್ನು ಅವನು ನೋಡಿದ್ದನು. ಅದರಲ್ಲಿ ದೈವಕಳೆಯಿಲ್ಲ, ಊದಿದ, ನೀಲಿಗಟ್ಟಿದ, ಕೊಳೆಯಲಾರಂಭಿಸಿದ ಮನುಷ್ಯದೇಹ ಮಾತ್ರ. ಅವನು ಅದರ ಮುಂದೆ ಬೆರಗುಬಡಿದವನಂತೆ ನಿಂತುಬಿಡಲು, ಅಪಸ್ಮಾರವು ಬರುವುದೆಂದು ಹೆದರಿ ಹೆಂಡತಿಯು ಅವನನ್ನು ಹೊರಕ್ಕೆ ಕರೆತಂದಳು. ಮುಂದೆ ಬರೆದ ‘ಮುಗ್ಧ’ ಎಂಬ ಕಾದಂಬರಿಯಲ್ಲಿ ಆ ಪಟವು ಬರುವುದು. ಅದನ್ನು ನೋಡಿದವನ ಶ್ರದ್ಧೆಯೇ ನಾಶವಾದೀತೆಂದು ಕಥಾನಾಯಕ ಮಿಷ್ಕಿನನು ನುಡಿಯುವನು. ಮರಣದಂಡನೆಗೆ ಗುರಿಯಾದವನ ಕಡೆಯ ನಿಮಿಷಗಳನ್ನು ವರ್ಣಿಸುವವನೂ ಇವನೇ. 1871 ಮತ್ತು 1872ರಲ್ಲಿ ಬಂದ ‘ಪಿಶಾಚಿಗಳು’ ಎಂಬ ಕಾದಂಬರಿಯಲ್ಲಿ, ದೇವರನ್ನು ತೊರೆದ ಬುದ್ಧಿಯು ಮನುಷ್ಯರನ್ನು ಬರಿಯ ಸಾಧನಗಳನ್ನಾಗಿ ಬಳಸುವ ಬಗೆಯನ್ನು, ಮಾಸ್ಕೋದಲ್ಲಿ ನಡೆದ ಒಂದು ನಿಜವಾದ ರಾಜಕೀಯ ಕೊಲೆಯ ಆಧಾರದ ಮೇಲೆ ತೋರಿಸಿದನು.

ಇಷ್ಟು ಬರೆದ ಮೇಲೂ ಯೋಬನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆ ಪ್ರಶ್ನೆಯು 1878ರಲ್ಲಿ ಅವನ ಮನೆಯ ಬಾಗಿಲಿಗೇ ಬಂದು ನಿಂತಿತು. ಮೂರು ವರ್ಷವೂ ತುಂಬದ ಕಿರಿಯ ಮಗ ಅಲೆಕ್ಸಿಯು, ಅಲ್ಯೋಷಾ ಎಂದು ಮುದ್ದಿನಿಂದ ಕರೆಯಲ್ಪಡುತ್ತಿದ್ದ ಕೂಸು, ಮೇ 16ರಂದು ಅಪಸ್ಮಾರಕ್ಕೆ ತುತ್ತಾಗಿ ತೀರಿಕೊಂಡನು. ತಂದೆಯ ರೋಗವೇ ಮಗನಿಗೆ ಮೃತ್ಯುವಾಗಿ ಬಂದಿತು. ತನ್ನಿಂದಲೇ ಮಗು ಹೋಯಿತೆಂಬ ಸಂಕಟವು ಅವನನ್ನು ತಿಂದಿತು. ಅವನು ಮಾತಿಲ್ಲದೆ ಕೊರಗುವುದನ್ನು ಕಂಡು ಹೆಂಡತಿಯು, ತನ್ನ ದುಃಖವನ್ನು ಬದಿಗಿರಿಸಿ, ಅವನನ್ನು ಓಪ್ತಿನಾ ಮಠಕ್ಕೆ ಕರೆದೊಯ್ಯುವಂತೆ ವ್ಲಾದಿಮಿರ್ ಸೊಲೊವ್ಯೋವ್ ಎಂಬ ತರುಣ ತತ್ತ್ವಜ್ಞಾನಿಯನ್ನು ಬೇಡಿಕೊಂಡಳು. ಆ ಜೂನ್ ತಿಂಗಳಲ್ಲಿ ಇಬ್ಬರೂ ಹೊರಟರು. ರೈಲಿನಿಂದಿಳಿದ ಮೇಲೆ ಹಳ್ಳಿಗಾಡಿನ ದಾರಿಗಳಲ್ಲಿ ಎರಡು ದಿನ ಗಾಡಿಯ ಪ್ರಯಾಣ.

ಓಪ್ತಿನಾ ಮಠವು ಕಲೂಗಾ ಪ್ರಾಂತದಲ್ಲಿ ಕೊಜೆಲ್ಸ್ಕ್ ಊರಿನ ಸಮೀಪ ಕಾಡಿನ ಅಂಚಿನಲ್ಲಿದೆ. ಅಲ್ಲಿ ಸ್ತಾರೆತ್ಸ್, ಅಂದರೆ ಹಿರಿಯರು, ಎನಿಸಿದ ಅನುಭಾವಿ ಯತಿಗಳ ಪರಂಪರೆಯಿದ್ದಿತು. ಶಿಷ್ಯನಾದವನು ತನ್ನ ಇಚ್ಛೆಯನ್ನು ಹಿರಿಯರಿಗೆ ಸಂಪೂರ್ಣವಾಗಿ ಒಪ್ಪಿಸುವನು. ಮನಸ್ಸಿನಲ್ಲೇಳುವ ವಿಚಾರಗಳನ್ನೆಲ್ಲ ಅವರಲ್ಲಿ ನಿವೇದಿಸುವನು. ಹೀಗೆ ವಿಧೇಯತೆಯಿಂದಲೇ ಅಹಂಕಾರದ ಬಿಡುಗಡೆಯನ್ನು ಹೊಂದುವನು. ಮಠದ ಶಿಷ್ಯರು ಮಾತ್ರವಲ್ಲದೆ ಒಕ್ಕಲಿಗರೂ ವರ್ತಕರೂ ಅಧಿಕಾರಿಗಳೂ ದೂರದೂರದಿಂದ ಬಂದು ಅವರ ಮುಂದೆ ತಮ್ಮ ದುಃಖವನ್ನು ಹೇಳಿಕೊಳ್ಳುತ್ತಿದ್ದರು. ಆ ಕಾಲದ ಹಿರಿಯರು ಅಂವ್ರೋಸಿ ಸ್ವಾಮಿಗಳು. ಅವರು 1812ರಲ್ಲಿ ಹುಟ್ಟಿದವರು. ಬಹುವರ್ಷಗಳಿಂದ ರೋಗಪೀಡಿತರಾಗಿ, ಅನೇಕ ವೇಳೆ ಹಾಸಿಗೆಯಲ್ಲಿ ಒರಗಿಕೊಂಡೇ ಬಂದವರನ್ನು ಕಾಣುತ್ತಿದ್ದರು. ದಾಸ್ತೋಯೆವ್ಸ್ಕಿಯು ಅಲ್ಲಿದ್ದ ಎರಡು ದಿನಗಳಲ್ಲಿ ಅವರನ್ನು ಮೂರು ಸಲ ಕಂಡನು. ಒಮ್ಮೆ ಜನಸಂದಣಿಯ ನಡುವೆ, ಎರಡು ಸಲ ಏಕಾಂತದಲ್ಲಿ. ಮಗನ ಮರಣವನ್ನೂ ತಾಯಿಯ ಗೋಳನ್ನೂ ಅವರ ಮುಂದೆ ಹೇಳಿಕೊಂಡನು. ಮನೆಗೆ ಮರಳಿದಾಗ ಅವನ ಮುಖದಲ್ಲಿ ಶಾಂತಿಯಿದ್ದಿತೆಂದು ಹೆಂಡತಿಯು ತನ್ನ ನೆನಪುಗಳಲ್ಲಿ ಬರೆದಿರುವಳು.

ಆ ಶಾಂತಿಯಿಂದ ಹುಟ್ಟಿದ ಗ್ರಂಥವೇ 1879ರ ಜನವರಿಯಿಂದ 1880ರ ನವೆಂಬರಿನವರೆಗೆ ಮಾಸಪತ್ರಿಕೆಯಲ್ಲಿ ಬಂದ ‘ಕರಮಾಜೋವ್ ಸಹೋದರರು’ ಎಂಬ ಮಹಾಕಾದಂಬರಿ. ಅದರ ನಾಯಕನಾದ ತರುಣ ಮಠಶಿಷ್ಯನಿಗೆ ತೀರಿಕೊಂಡ ಮಗನ ಹೆಸರಾದ ಅಲ್ಯೋಷಾ ಎಂಬುದನ್ನೇ ಇಟ್ಟನು. ಅಲ್ಯೋಷಾನ ಗುರುಗಳು ಜೋಸಿಮಾ ಎಂಬ ಹಿರಿಯರು. ಕಥೆಯ ಆರಂಭದಲ್ಲಿ ಒಬ್ಬ ಹಳ್ಳಿಯ ಹೆಂಗಸು, ಮೂರು ವರ್ಷ ತುಂಬುವುದರೊಳಗೆ ತೀರಿಕೊಂಡ ಅಲೆಕ್ಸಿ ಎಂಬ ಮಗನಿಗಾಗಿ ಅಳುತ್ತ ಜೋಸಿಮಾ ಅವರ ಬಳಿಗೆ ಬರುವಳು. ಮಗುವಿನ ಸಣ್ಣ ಅಂಗಿ, ಅವನ ಹೆಜ್ಜೆಯ ಸದ್ದು ತನ್ನನ್ನು ಬಿಡದೆನ್ನುವಳು. ಅಳಬೇಡವೆಂದು ಹಿರಿಯರು ಆಕೆಗೆ ಹೇಳುವುದಿಲ್ಲ. ಅಳು ಬರುವಷ್ಟು ದಿನ ಅಳೆಂದೂ, ಆ ಕಣ್ಣೀರು ಕಡೆಗೆ ಶಾಂತವಾದ ಸಂತೋಷವಾಗಿ ಮಾರ್ಪಡುವುದೆಂದೂ, ಮನೆಯಲ್ಲಿ ಒಂಟಿಯಾದ ಗಂಡನ ಬಳಿಗೆ ಮರಳೆಂದೂ ಹೇಳುವರು. ಇದು ಓಪ್ತಿನಾದ ಹಿರಿಯರು ತನಗಾಗಿ ಹೇಳಿಕಳುಹಿದ ಸಮಾಧಾನವೇ ಎಂದು ಅನ್ನಾ ಗ್ರಿಗೊರ್ಯೆವ್ನಾ ತಿಳಿಸಿರುವಳು.

ಆದರೆ ದಾಸ್ತೋಯೆವ್ಸ್ಕಿಯ ಸತ್ಯನಿಷ್ಠೆಯು ಇಲ್ಲಿಗೇ ನಿಲ್ಲಗೊಡಲಿಲ್ಲ. ಅಲ್ಯೋಷಾನ ಅಣ್ಣ ಇವಾನನ ಬಾಯಿಂದ ನಾಸ್ತಿಕತೆಯ ಅತ್ಯಂತ ಪ್ರಬಲವಾದ ವಾದವನ್ನು ಅವನು ಆಡಿಸಿದನು. ದೊಡ್ಡವರು ಪಾಪ ಮಾಡಿ ದುಃಖಪಡಲಿ. ಏನೂ ಅರಿಯದ ಕೂಸುಗಳು ಹಿಂಸೆಗೆ ಗುರಿಯಾಗುವುದೇಕೆ? ಮುಂದೆ ಸಕಲವೂ ಸರಿಹೋಗುವ ಸ್ವರ್ಗವಿದ್ದರೂ ಅದಕ್ಕಾಗಿ ಒಂದು ಮಗುವಿನ ಕಣ್ಣೀರನ್ನು ಬೆಲೆಯಾಗಿ ಕೊಡುವುದು ನ್ಯಾಯವೇ? ಅಂತಹ ಸ್ವರ್ಗದ ಪ್ರವೇಶ ತನಗೆ ಬೇಡವೆಂದು ಇವಾನನು ಹಿಂದಿರುಗಿಸುವನು. ಅವನು ಎತ್ತಿಕೊಡುವ ನಿದರ್ಶನಗಳನ್ನು ಲೇಖಕನು ನಿಜವಾದ ವಾರ್ತೆಗಳಿಂದಲೇ ಆರಿಸಿದ್ದನು. ಮಗನನ್ನು ಮಣ್ಣುಮಾಡಿ ವರ್ಷ ಕಳೆಯುತ್ತಿರುವಾಗ ಒಬ್ಬ ತಂದೆಯು ಇದನ್ನು ಬರೆದನೆಂಬುದನ್ನು ನೆನೆದರೆ ಎದೆ ನಡುಗುವುದು. ವಿರೋಧಿಯ ವಾದವನ್ನು ದುರ್ಬಲಗೊಳಿಸಿ ಗೆಲ್ಲುವುದು ಅವನಿಗೆ ಬೇಡವಾಗಿದ್ದಿತು.

ಇದಕ್ಕೆ ಉತ್ತರವೇನು? 1879ರ ಆಗಸ್ಟಿನಲ್ಲಿ ಅವನು ಜರ್ಮನಿಯ ಎಮ್ಸ್ ಎಂಬಲ್ಲಿ ಚಿಕಿತ್ಸೆಗಾಗಿ ಇದ್ದಾಗ ಬರೆದ ಪತ್ರವೊಂದರಲ್ಲಿ, ತನ್ನ ಉತ್ತರವು ಸಾಕಾದೀತೋ ಇಲ್ಲವೋ ಎಂದು ನಡುಗುತ್ತಿರುವುದಾಗಿ ಒಪ್ಪಿಕೊಂಡನು. ಇವಾನನ ವಾದಕ್ಕೆ ಅವನು ವಾದವನ್ನು ಎದುರಿಡಲಿಲ್ಲ. ಒಂದು ಬಾಳನ್ನು ಎದುರಿಟ್ಟನು. ಅದು ಜೋಸಿಮಾ ಅವರ ಬಾಳು. ಶ್ರದ್ಧೆಯಿಲ್ಲವೆಂದು ಕೊರಗುವ ಒಬ್ಬ ಸಿರಿವಂತ ಸ್ತ್ರೀಗೆ ಅವರು, ದೇವರನ್ನೂ ಅಮೃತತ್ವವನ್ನೂ ಸಾಧಿಸಿ ತೋರಿಸಲಾಗದು, ಆದರೆ ಮನಗಾಣಬಹುದು ಎನ್ನುವರು. ಹೇಗೆಂದರೆ, ಕ್ರಿಯೆಯಲ್ಲಿ ತೋರುವ ಪ್ರೇಮದಿಂದ. ಪಕ್ಕದಲ್ಲಿರುವ ಮನುಷ್ಯನನ್ನು ದಣಿಯದೆ ಪ್ರೀತಿಸಿದಷ್ಟೂ ಸಂದೇಹವು ಕರಗುವುದು. ಕನಸಿನ ಪ್ರೇಮವು ಹೊಗಳಿಕೆಯನ್ನು ಬಯಸುವುದು. ಕ್ರಿಯೆಯ ಪ್ರೇಮಕ್ಕೆ ದುಡಿಮೆಯೂ ತಾಳ್ಮೆಯೂ ಬೇಕು. ಪ್ರತಿಯೊಬ್ಬನೂ ಎಲ್ಲರ ಪಾಪಕ್ಕೂ ಹೊಣೆಗಾರನೆಂಬುದು ಅವರ ಇನ್ನೊಂದು ಬೋಧೆ. ಇವಾನನು ದೇವರ ಮೇಲೆ ಹೊರಿಸಿದ ಹೊಣೆಯನ್ನು ಹಿರಿಯರು ತಮ್ಮ ಹೆಗಲಿಗೇ ಏರಿಸಿಕೊಳ್ಳುವರು. ಮಕ್ಕಳು ಅಳುತ್ತಿರುವಾಗ ಕೇಳಬೇಕಾದ ಪ್ರಶ್ನೆಯು ದೇವರೆಲ್ಲಿ ಎಂಬುದಲ್ಲ, ನಾನೆಲ್ಲಿ ಎಂಬುದು.

ಈ ಶ್ರದ್ಧೆಯನ್ನು ಪವಾಡದ ಆಸರೆಯ ಮೇಲೆ ನಿಲ್ಲಿಸಲು ಕೂಡ ಅವನು ಒಪ್ಪಲಿಲ್ಲ. ಜೋಸಿಮಾ ಅವರು ದೇಹಬಿಟ್ಟಾಗ ಅವರ ಶವದಿಂದ ಏನಾದರೊಂದು ಅದ್ಭುತವು ತೋರುವುದೆಂದು ಊರೆಲ್ಲ ಕಾದಿದ್ದಿತು. ಆದದ್ದೇನೆಂದರೆ ಶವವು ಬೇಗನೆ ನಾರಿತು. ನಿಂದಕರಿಗೆ ಹಬ್ಬವಾಯಿತು, ಅಲ್ಯೋಷಾನಿಗೂ ಮನಸ್ಸು ಕಂಪಿಸಿ ಮಠವನ್ನು ಬಿಟ್ಟು ಹೊರಟನು. ಬಾಸೆಲಿನ ಪಟದ ಮುಂದೆ ಲೇಖಕನು ಅನುಭವಿಸಿದ ಪರೀಕ್ಷೆಯೇ ಇದು. ಆ ರಾತ್ರಿ ಮರಳಿ ಬಂದು, ಗುರುವಿನ ಶವದ ಪಕ್ಕದಲ್ಲಿ ಸುವಾರ್ತೆಯ ಪಾರಾಯಣವನ್ನು ಕೇಳುತ್ತ ಮಂಪರದಲ್ಲಿ ಗುರುವನ್ನು ಕಂಡ ಶಿಷ್ಯನು, ಹೊರಗೆ ನಕ್ಷತ್ರಗಳ ಕೆಳಗೆ ನೆಲಕ್ಕೆ ಬಿದ್ದು ಮಣ್ಣನ್ನು ಮುದ್ದಿಟ್ಟು ಅಳುವನು. ಬಿದ್ದಾಗ ಅವನು ದುರ್ಬಲನಾದ ಹುಡುಗನು. ಏಳುವಾಗ ಸ್ಥಿರಚಿತ್ತನಾದ ಪುರುಷನು.

ದಾಸ್ತೋಯೆವ್ಸ್ಕಿಯ ಧರ್ಮವನ್ನು ಎಲ್ಲರೂ ಒಪ್ಪಲಿಲ್ಲ. ಲೆಯೊಂತ್ಯೆವ್ ಎಂಬ ಲೇಖಕನು ಅದರಲ್ಲಿ ದೇವಭಯವು ಕಡಮೆಯೆಂದೂ ಮೃದುತ್ವವು ಹೆಚ್ಚೆಂದೂ 1880ರಲ್ಲಿಯೇ ಆಕ್ಷೇಪಿಸಿದನು. ಇನ್ನೊಂದು ದೋಷವು ಇದಕ್ಕಿಂತ ದೊಡ್ಡದು. ಸಕಲರ ಹೊಣೆಯನ್ನೂ ಹೊರಬೇಕೆಂದು ಬೋಧಿಸಿದವನೇ ತನ್ನ ಪತ್ರಿಕಾಲೇಖನಗಳಲ್ಲಿ ಯೆಹೂದ್ಯರನ್ನೂ ಪೋಲೆಂಡಿನವರನ್ನೂ ಕಥೋಲಿಕ ಮತದವರನ್ನೂ ಕುರಿತು ಕಟುವಾಗಿ, ಅನ್ಯಾಯವಾಗಿ ಬರೆದನು. ರಷ್ಯದ ಜನವೊಂದೇ ದೇವರನ್ನು ಹೊತ್ತ ಜನವೆಂದು ಭ್ರಮಿಸಿದನು. ಸ್ವಜನಾಭಿಮಾನವು ಧರ್ಮದ ವೇಷವನ್ನು ತೊಟ್ಟು ಬಂದಾಗ ದೊಡ್ಡವರ ಕಣ್ಣಿಗೂ ಮಂಜು ಕವಿಯುವುದು. ಅವನ ಹಿರಿಯ ಜೋಸಿಮಾ ಅವನಿಗಿಂತ ದೊಡ್ಡವರಾಗಿದ್ದರು.

1881ನೆಯ ಜನವರಿ ಕೊನೆಯಲ್ಲಿ ಅವನ ಶ್ವಾಸಕೋಶದಿಂದ ರಕ್ತಸ್ರಾವವಾಯಿತು. 28ರ ಬೆಳಿಗ್ಗೆ ತೊಬೋಲ್ಸ್ಕಿನಲ್ಲಿ ದೊರೆತ ಆ ಹಳೆಯ ಸುವಾರ್ತೆಯನ್ನು ತರಿಸಿ, ತನ್ನ ವಾಡಿಕೆಯಂತೆ ತೋಚಿದ ಕಡೆ ತೆರೆದು, ಕಂಡುದನ್ನು ಓದೆಂದು ಹೆಂಡತಿಗೆ ಹೇಳಿದನು. ಕ್ರಿಸ್ತನು ಸ್ನಾನದೀಕ್ಷೆಗಾಗಿ ಯೋಹಾನನ ಬಳಿಗೆ ಬಂದಾಗ ಯೋಹಾನನು ತಡೆದುದೂ, ಕ್ರಿಸ್ತನು ತಡೆಯಬೇಡವೆಂದುದೂ ಆ ಪುಟದಲ್ಲಿದ್ದಿತು. ತಡೆಯಬಾರದೆಂದರೆ ತಾನು ಹೊರಡಬೇಕೆಂದೇ ಅರ್ಥವೆಂದು ಅವನು ಶಾಂತವಾಗಿ ಗ್ರಹಿಸಿದನು. ಮಕ್ಕಳನ್ನು ಹರಸಿ, ಆ ಪುಸ್ತಕವನ್ನು ಮಗ ಫ್ಯೋದರನಿಗೆ ಕೊಡಿಸಿ, ಆ ಸಂಜೆಯೇ ಕಣ್ಮುಚ್ಚಿದನು. ಅಸಂಖ್ಯಾತ ಜನರು ಕೂಡಿ ಅವನನ್ನು ಅಲೆಗ್ಸಾಂಡರ್ ನೆವ್ಸ್ಕಿ ಮಠದ ಶ್ಮಶಾನದಲ್ಲಿ ಮಣ್ಣುಮಾಡಿದರು. ಮಣ್ಣಿಗೆ ಬಿದ್ದು ಸತ್ತ ಕಾಳೇ ಬಹುಫಲವನ್ನು ಕೊಡುವುದೆಂಬ ಸುವಾರ್ತೆಯ ವಾಕ್ಯವನ್ನು ಅವನ ಕೊನೆಯ ಕಾದಂಬರಿಯ ಮೊದಲಲ್ಲಿಯೂ ಅವನ ಸಮಾಧಿಯ ಕಲ್ಲಿನ ಮೇಲೆಯೂ ಕಾಣಬಹುದು.

ಅಂವ್ರೋಸಿ ಸ್ವಾಮಿಗಳು 1891ರಲ್ಲಿ ದೇಹಬಿಟ್ಟರು. ಕ್ರಾಂತಿಯ ತರುವಾಯ, 1923ರಲ್ಲಿ, ಸೋವಿಯತ್ ಸರಕಾರವು ಓಪ್ತಿನಾ ಮಠವನ್ನು ಮುಚ್ಚಿತು. 1987ರಲ್ಲಿ ಅದು ಮರಳಿ ಚರ್ಚಿನ ಕೈಸೇರಿತು. ಮರುವರ್ಷ ಅಂವ್ರೋಸಿ ಅವರನ್ನು ಸಂತರೆಂದು ಸಾರಲಾಯಿತು. ಮಠದ ಬಾಗಿಲು ಮುಚ್ಚಿದ್ದ ಆ ದೀರ್ಘಕಾಲದಲ್ಲಿಯೂ ಅಲ್ಲಿನ ಹಿರಿಯರ ಸಾಂತ್ವನವು ಒಂದು ಕಾದಂಬರಿಯ ಪುಟಗಳಲ್ಲಿ ಉಳಿದು, ಮಕ್ಕಳನ್ನು ಕಳೆದುಕೊಂಡ ತಾಯಿತಂದೆಗಳನ್ನು ಮುಟ್ಟುತ್ತಲೇ ಇದ್ದಿತು. ಸೆರೆಮನೆಯ ತಲೆದಿಂಬಿನ ಕೆಳಗಿದ್ದ ಆ ಸುವಾರ್ತೆಯನ್ನು ಮಾಸ್ಕೋದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕಾಪಾಡಿ ಇಟ್ಟಿರುವರು. ಅದರ ಹಾಳೆಗಳ ಅಂಚಿನಲ್ಲಿ ಒಬ್ಬ ಕೈದಿಯ ಉಗುರಿನ ಗೀರುಗಳು ಇಂದಿಗೂ ಇವೆ. ಸಂದೇಹಪಟ್ಟವನು ಧರ್ಮಕ್ಕೆ ಹೊರಗಾದವನಲ್ಲವೆಂಬುದಕ್ಕೂ, ದುಃಖಿಯನ್ನು ಸಂತೈಸಿದ ಗುರುವಿನ ಒಂದು ಮಾತು ವ್ಯರ್ಥವಾಗಿ ಹೋಗದೆಂಬುದಕ್ಕೂ ಈ ಕಾದಂಬರಿಕಾರನ ಬಾಳೇ ಸಾಕ್ಷಿಯಾಗಿದೆ.